ಒಂದೇ ಬಂಡೆ, ನಾಲ್ಕು ಕಾಗದ

ಮಧುಗಿರಿಯ ಏಕಶಿಲಾ ಬೆಟ್ಟದ ಒಂದೇ ಫೋಟೊವನ್ನು ಒಂದೇ ಇಂಕ್‌ಜೆಟ್ ಪ್ರಿಂಟರಿನಲ್ಲಿ ನಾಲ್ಕು ಬಗೆಯ ಕಾಗದದ ಮೇಲೆ ತೆಗೆದರೆ ನಾಲ್ಕು ಬೇರೆ ಬೇರೆ ಬೆಟ್ಟಗಳು ಹೊರಬರುತ್ತವೆ. ಗ್ಲಾಸಿ ಫೋಟೊ ಪೇಪರಿನಲ್ಲಿ ಬಂಡೆ ಗಟ್ಟಿಮುಟ್ಟಾಗಿ ನಿಲ್ಲುತ್ತದೆ. ಮಳೆನೀರು ಇಳಿದಿಳಿದು ಉಳಿದ ಕಪ್ಪು ಪಟ್ಟೆಗಳು ಆಳವಾಗಿ ಕಾಣುತ್ತವೆ. ಮ್ಯಾಟ್ ಪೇಪರಿನಲ್ಲಿ ಅದೇ ಪಟ್ಟೆಗಳಿಗೆ ಬೂದಿ ಎರಚಿದಂತಿರುತ್ತದೆ. ಜೆರಾಕ್ಸ್ ಹಾಳೆಯಲ್ಲಿ ಇಂಕು ಹರಡಿ ಕೋಟೆಗೋಡೆಯ ಅಂಚು ಕಲಸಿಹೋಗುತ್ತದೆ. ಲಗ್ನಪತ್ರಿಕೆಗೆ ಬಳಸುವ ಕೆನೆಬಣ್ಣದ ದಪ್ಪ ಕಾರ್ಡಿನಲ್ಲಿ ಬೆಟ್ಟದ ಹಿಂದಿನ ಆಕಾಶಕ್ಕೂ ಹಳದಿ ತಗಲಿರುತ್ತದೆ. ಕಂಪ್ಯೂಟರಿನಿಂದ ಹೊರಟ ಅಂಕಿಗಳು ಮಾತ್ರ ನಾಲ್ಕೂ ಸಲ ಒಂದೇ.

ಈ ವ್ಯತ್ಯಾಸವನ್ನು ಅಳೆದು ಬರೆದಿಟ್ಟ ಕಡತಕ್ಕೆ ಪ್ರೊಫೈಲ್ ಎಂದು ಹೆಸರು. ಇಂಥ ಅಂಕಿ ಕಳಿಸಿದರೆ ಇಂಥ ಕಾಗದದ ಮೇಲೆ ಇಂಥ ಬಣ್ಣ ಬೀಳುತ್ತದೆ, ಇಂಥ ಬಣ್ಣ ಬೇಕಿದ್ದರೆ ಇಂಥ ಅಂಕಿ ಕಳಿಸಬೇಕು ಎಂಬ ಎರಡೂ ದಿಕ್ಕಿನ ಕೋಷ್ಟಕ ಅದರೊಳಗಿರುತ್ತದೆ. ಎಲ್ಲ ಯಂತ್ರಗಳ ಕೋಷ್ಟಕಗಳೂ ಒಂದೇ ಭಾಷೆಯಲ್ಲಿರಲಿ ಎಂದು 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ, ಅಂದರೆ ಐಸಿಸಿ, ಕಟ್ಟಿದವು. ಕೋಷ್ಟಕದ ಒಂದು ಬದಿಯಲ್ಲಿ ಯಂತ್ರದ ಅಂಕಿ, ಇನ್ನೊಂದು ಬದಿಯಲ್ಲಿ ಮನುಷ್ಯನ ಕಣ್ಣಿನ ಅಳತೆ. ಈ ಎರಡನೆಯದು 1976ರಲ್ಲಿ ಗೊತ್ತುಪಡಿಸಿದ ಲ್ಯಾಬ್ ಪದ್ಧತಿ. ಅದರಲ್ಲಿ ಎಲ್ ಎಂಬುದು ಬೆಳಕಿನ ಮಟ್ಟ: ಸೊನ್ನೆ ಎಂದರೆ ಕಡುಕಪ್ಪು, 100 ಎಂದರೆ ಬಿಳಿ. ಎ ಎಂಬುದು ಹಸಿರಿನಿಂದ ಕೆಂಪಿನ ಕಡೆಗೆ, ಬಿ ಎಂಬುದು ನೀಲಿಯಿಂದ ಹಳದಿಯ ಕಡೆಗೆ ಇರುವ ವಾಲಿಕೆ. ಎರಡೂ ಸೊನ್ನೆಯಾದರೆ ಬಣ್ಣ ಶುದ್ಧ ಬೂದು.

ಪ್ರೊಫೈಲ್ ಪ್ರಿಂಟರಿನದು ಎಂದು ಸಾಮಾನ್ಯವಾಗಿ ಹೇಳುವುದುಂಟು. ನಿಜವಾಗಿ ಅದು ಪ್ರಿಂಟರು, ಇಂಕು, ಕಾಗದ, ಡ್ರೈವರಿನ ಸೆಟ್ಟಿಂಗು ಈ ನಾಲ್ಕೂ ಕೂಡಿದ ಒಂದು ಸ್ಥಿತಿಯ ದಾಖಲೆ. ನಾಲ್ಕರಲ್ಲಿ ಒಂದು ಬದಲಾದರೂ ಆ ದಾಖಲೆ ಬೇರೆ ಯಾವುದೋ ಸ್ಥಿತಿಯ ಮಾತನ್ನು ಹೇಳುತ್ತಿರುತ್ತದೆ. ಬಣ್ಣ ಕೆಟ್ಟಾಗ ಹೊಸ ಪ್ರೊಫೈಲ್ ಮಾಡಲು ಹೊರಡುವ ಮೊದಲು, ಈ ನಾಲ್ಕರಲ್ಲಿ ಬದಲಾದದ್ದು ಯಾವುದು ಎಂದು ಹುಡುಕಬೇಕು. ದೋಷ ಹುಡುಕುವ ಕೆಲಸದ ಬಹುಪಾಲು ಇಷ್ಟೇ. ಆದರೆ ಹುಡುಕುವ ಕ್ರಮ ತಪ್ಪಿದರೆ ಎಷ್ಟೋ ಹಾಳೆ, ಎಷ್ಟೋ ಇಂಕು ದಂಡವಾಗುತ್ತದೆ.

ಇಂಕು ನಿಲ್ಲುವ ಜಾಗ

ಇಂಕ್‌ಜೆಟ್ ಹೆಡ್ಡಿನಿಂದ ಸಿಡಿಯುವ ಹನಿಯ ಗಾತ್ರ ಕೆಲವೇ ಪಿಕೋಲೀಟರ್. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಚಿಕ್ಕ ಹನಿ ಕಾಗದ ಮುಟ್ಟಿದ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದೇ ಬಣ್ಣವನ್ನು ತೀರ್ಮಾನಿಸುತ್ತದೆ. ಜೆರಾಕ್ಸ್ ಹಾಳೆ ಬರೀ ನಾರಿನ ಹೆಣಿಗೆ. ಇಂಕು ನಾರುಗಳಗುಂಟ ಅಕ್ಕಪಕ್ಕಕ್ಕೂ ಒಳಕ್ಕೂ ಹರಿಯುತ್ತದೆ. ಒಳಗಿಳಿದ ಬಣ್ಣದ ಮೇಲೆ ಬಿಳಿ ನಾರು ಮುಸುಕಿನಂತೆ ಉಳಿಯುವುದರಿಂದ ಬಣ್ಣ ಪೇಲವ. ಗ್ಲಾಸಿ ಫೋಟೊ ಪೇಪರಿನ ಮೇಲ್ಮೈಯಲ್ಲಿ ಸಿಲಿಕಾ ಅಥವಾ ಅಲ್ಯುಮಿನಾದ ಅತಿ ಸಣ್ಣ ಕಣಗಳ ಲೇಪವಿದ್ದು, ಅದರ ರಂಧ್ರಗಳು ಹನಿಯನ್ನು ಬಿದ್ದಲ್ಲೇ ಹೀರಿ ಹಿಡಿಯುತ್ತವೆ. ಕೆಳಗಿನ ಪ್ಲಾಸ್ಟಿಕ್ ಪದರ ಅದನ್ನು ಇನ್ನೂ ಕೆಳಗಿಳಿಯಲು ಬಿಡುವುದಿಲ್ಲ. ಮ್ಯಾಟ್ ಪೇಪರಿಗೂ ಲೇಪವಿದೆ, ಆದರೆ ಮೇಲ್ಮೈ ಒರಟು.

ಒಂದು ಕಾಗದ ಎಷ್ಟು ಇಂಕು ಕುಡಿಯಬಲ್ಲದು ಎಂಬುದನ್ನು ಪ್ರೊಫೈಲ್ ನಿರ್ಧರಿಸುವುದಿಲ್ಲ. ಫೋಟೊ ಸ್ಟುಡಿಯೊ, ಡಿಟಿಪಿ ಸೆಂಟರುಗಳಲ್ಲಿರುವ ಟ್ಯಾಂಕ್ ಪ್ರಿಂಟರುಗಳಿಗೆ ಕಂಪ್ಯೂಟರಿನಿಂದ ಹೋಗುವುದು ಕೆಂಪು, ಹಸಿರು, ನೀಲಿಯ ಅಂಕಿ. ಅದನ್ನು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕಿನ ಹನಿಗಳಾಗಿ ಒಡೆಯುವುದು ಡ್ರೈವರು. ಎಷ್ಟು ಹನಿ ಎಂಬುದಕ್ಕೆ ಅದು ನೋಡುವುದು ಪೇಪರ್ ಟೈಪ್ ಎಂಬ ಆಯ್ಕೆಯನ್ನು. ಸಾಧಾರಣ ಕಾರ್ಡನ್ನು ಒಳಗಿಟ್ಟು ಗ್ಲಾಸಿ ಎಂದು ಆರಿಸಿದರೆ, ಕುಡಿಯಲಾಗದಷ್ಟು ಇಂಕು ಅದರ ಮೇಲೆ ಸುರಿಯುತ್ತದೆ. ಆಗ ಕಪ್ಪು ಜಾಗದಲ್ಲಿ ಇಂಕು ಕೆರೆ ಕಟ್ಟಿ, ಒಣಗಿದ ಮೇಲೆ ಹಾಳೆ ಸುಕ್ಕಾಗುತ್ತದೆ. ಅಳತೆಯಲ್ಲೂ ವಿಚಿತ್ರ ಕಾಣುತ್ತದೆ: ಹೆಚ್ಚು ಇಂಕು ಬಿದ್ದ ಚೌಕ ಕಡಿಮೆ ಇಂಕಿನ ಚೌಕಕ್ಕಿಂತ ತಿಳಿಯಾಗಿರಬಹುದು. ಏರಬೇಕಾದ ಮೆಟ್ಟಿಲು ನಡುವೆ ಇಳಿದರೆ ಪ್ರೊಫೈಲ್ ಮಾಡುವ ತಂತ್ರಾಂಶ ದಿಕ್ಕು ತಪ್ಪುತ್ತದೆ. ಅಂಥ ಪ್ರೊಫೈಲಿನಿಂದ ತೆಗೆದ ಚಿತ್ರದ ನೆರಳಿನಲ್ಲಿ ಪಟ್ಟೆಪಟ್ಟೆ ಕಾಣುತ್ತದೆ.

ಇದಕ್ಕೆ ಪರೀಕ್ಷೆ ಸುಲಭ. ಬಿಳಿಯಿಂದ ಕಪ್ಪಿನವರೆಗೆ ಇಪ್ಪತ್ತೊಂದು ಮೆಟ್ಟಿಲಿನ ಒಂದು ಪಟ್ಟಿಯನ್ನು ಬೇರೆ ಬೇರೆ ಪೇಪರ್ ಟೈಪ್ ಆರಿಸಿ ಮುದ್ರಿಸಿ ನೋಡಬೇಕು. ಕೊನೆಯ ಐದಾರು ಮೆಟ್ಟಿಲು ಒಂದಕ್ಕೊಂದು ಬೇರೆಯಾಗಿ ಕಾಣುವ, ಅಂಚಿನಲ್ಲಿ ಇಂಕು ಹರಡದ ಸೆಟ್ಟಿಂಗೇ ಆ ಕಾಗದಕ್ಕೆ ಸರಿ. ಪ್ರೊಫೈಲ್ ಮಾಡುವುದು ಅದಾದ ಮೇಲೆ. ಹೀಗೆ ಮಾಡಿದ ಪ್ರೊಫೈಲ್ ಆ ಸೆಟ್ಟಿಂಗಿಗೆ ಮಾತ್ರ ಲಗತ್ತಾಗಿರುತ್ತದೆ. ಮುಂದೆ ಯಾರೋ ಅವಸರದಲ್ಲಿ ಪೇಪರ್ ಟೈಪ್ ಬದಲಿಸಿದರೆ ಪ್ರೊಫೈಲಿನ ಹೆಸರು ಅದೇ ಇದ್ದರೂ ಬಣ್ಣ ಅದಾಗಿರುವುದಿಲ್ಲ. ಕಾಗದವನ್ನು ತಿರುಗುಮುರುಗಾಗಿ ಇಡುವುದರಿಂದಲೂ ಇಂಥದೇ ಲಕ್ಷಣ ಕಾಣುತ್ತದೆ. ಒದ್ದೆ ಬೆರಳನ್ನು ಹಾಳೆಯ ಮೂಲೆಗೆ ಒತ್ತಿದರೆ ಲೇಪವಿರುವ ಬದಿ ತುಸು ಅಂಟುತ್ತದೆ, ಇಲ್ಲದ ಬದಿ ಅಂಟುವುದಿಲ್ಲ.

ಬೂದು ಬಣ್ಣದ ಪರೀಕ್ಷೆ

ಪ್ರಿಂಟರಿಗೆ ಅತ್ಯಂತ ಕಷ್ಟದ ಬಣ್ಣ ಬೂದು. ಕುಂಕುಮದ ಕೆಂಪು ಕೊಂಚ ಆಚೀಚೆಯಾದರೆ ಕಣ್ಣು ಕ್ಷಮಿಸುತ್ತದೆ. ಬೂದು ಬಣ್ಣದಲ್ಲಿ ಎ ಅಥವಾ ಬಿ ಎರಡು ಮೂರು ಅಂಕ ಸರಿದರೂ ಬೂದು ಗುಲಾಬಿಯೋ ಹಸಿರೋ ಆಗಿ ಎದ್ದು ಕಾಣುತ್ತದೆ. ಆರು ಬಣ್ಣದ ಪ್ರಿಂಟರುಗಳಲ್ಲಿ ನಡುಮಟ್ಟದ ಬೂದು ಹುಟ್ಟುವುದು ಬಹುಪಾಲು ಕಪ್ಪು ಇಂಕಿನಿಂದಲ್ಲ. ಲೈಟ್ ಸಯಾನ್, ಲೈಟ್ ಮೆಜೆಂಟಾ, ಹಳದಿ ಮೂರೂ ಸಮತೂಕದಲ್ಲಿ ಬಿದ್ದಾಗ. ಒಂದು ಕಡಿಮೆಯಾದರೆ ತಕ್ಕಡಿ ವಾಲುತ್ತದೆ.

ಮಧುಗಿರಿಯ ಬಂಡೆ ಈ ಪರೀಕ್ಷೆಗೆ ಒಳ್ಳೆಯ ವಸ್ತು, ಜೊತೆಗೆ ಅದರಲ್ಲೊಂದು ತೊಡಕೂ ಇದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನಿಂದಲೇ ಗುರುತಾಗಿರುವ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಪಟ್ಟಿ ದಕ್ಷಿಣೋತ್ತರವಾಗಿ ಹಬ್ಬಿ ಮಧುಗಿರಿ, ಪಾವಗಡದ ಬೆಟ್ಟಗಳಾಗಿ ಎದ್ದಿದೆ. ಈ ಗ್ರಾನೈಟಿನಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಧಾರಾಳವಾಗಿದೆ. ದೂರದಿಂದ ಬೂದು ಬಣ್ಣವಾಗಿ ಕಾಣುವ ಬಂಡೆಯೊಳಗೆ ನಸುಗೆಂಪು ಸಹಜವಾಗಿಯೇ ಇದೆ. ಮುದ್ರಿತ ಬೆಟ್ಟ ಗುಲಾಬಿಯಾಗಿ ಬಂದರೆ ಅದು ಕಲ್ಲಿನ ಗುಣವೋ ಪ್ರಿಂಟರಿನ ದೋಷವೋ ಎಂದು ಬೆಟ್ಟವನ್ನೇ ನೋಡಿ ಹೇಳಲಾಗದು. ಅದಕ್ಕಾಗಿಯೇ ಚಿತ್ರದ ಕೆಳಗೆ ಒಂದು ಬೂದು ಪಟ್ಟಿಯನ್ನು ಸೇರಿಸುವ ರೂಢಿ ಇಟ್ಟುಕೊಳ್ಳಬೇಕು. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಪದ್ಧತಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಅಂಕಿ 128 ಇರುವ ಚೌಕದ ಎಲ್ ಮೌಲ್ಯ 53.6, ಎ, ಬಿ ಎರಡೂ ಸೊನ್ನೆ. ಆ ಚೌಕವೂ ಗುಲಾಬಿಯಾದರೆ ತಪ್ಪು ಪ್ರಿಂಟಿನದು. ಚೌಕ ಬೂದು ಬಣ್ಣದಲ್ಲೇ ಉಳಿದು ಬಂಡೆ ಮಾತ್ರ ಗುಲಾಬಿಯಾದರೆ ಅದು ಕ್ಯಾಮೆರಾ ಕಂಡ ಕಲ್ಲು. ಅಲ್ಲಿ ಪ್ರೊಫೈಲನ್ನು ತಿದ್ದಲು ಹೋಗಬಾರದು.

ತಪ್ಪು ಪ್ರಿಂಟಿನದೇ ಎಂದಾದರೆ ಮೊದಲ ಸಂಶಯ ಹೆಡ್ಡಿನಲ್ಲಿ ಇಂಕು ಸಿಡಿಸುವ ಸಣ್ಣ ತೂತು, ಅಂದರೆ ನಾಜಲ್ ಮೇಲೆ. ಶಿರಾ, ಪಾವಗಡದ ಕಡೆ ಮಳೆ ಕಡಿಮೆ, ಬೇಸಿಗೆಯ ಗಾಳಿ ಬಲು ಒಣ. ಒಂದು ವಾರ ಪ್ರಿಂಟರ್ ಸುಮ್ಮನಿದ್ದರೂ ನಾಜಲ್ ಬಾಯಲ್ಲಿ ಇಂಕು ಗಟ್ಟಿಯಾಗಬಹುದು. ಲೈಟ್ ಸಯಾನಿನ ಕೆಲವು ನಾಜಲ್ ಕಟ್ಟಿದರೆ ಬೂದು ನೇರವಾಗಿ ಕೆಂಪಿಗೆ ಸರಿಯುತ್ತದೆ. ನಾಜಲ್ ಚೆಕ್ ಮಾಡದೆ ಪ್ರೊಫೈಲ್ ಮಾಡಿದರೆ ಇನ್ನೂ ದೊಡ್ಡ ತೊಂದರೆ: ಕಟ್ಟಿದ ನಾಜಲನ್ನೇ ಸರಿ ಎಂದು ಪ್ರೊಫೈಲ್ ನಂಬಿ, ಸಯಾನನ್ನು ಹೆಚ್ಚಿಸಿ ಬರೆದುಕೊಳ್ಳುತ್ತದೆ. ಮರುದಿನ ನಾಜಲ್ ತೆರೆದಾಗ ಪ್ರತಿ ಚಿತ್ರವೂ ಹಸಿರು ನೀಲಿಯಾಗುತ್ತದೆ. ಹೆಡ್ ಕ್ಲೀನಿಂಗ್ ಒಂದೆರಡು ಸಲ ಮಾಡಿ, ಕೆಲವು ಗಂಟೆ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು. ಒಂದೇ ಸಮನೆ ಮಾಡುತ್ತ ಹೋದರೆ ಖಾಲಿಯಾಗುವುದು ಇಂಕೇ.

ಬಣ್ಣ ಯಾವ ಮಟ್ಟದಲ್ಲಿ ವಾಲಿದೆ ಎಂಬುದು ಸಾಮಾನ್ಯವಾಗಿ ಕಾರಣದ ಸುಳಿವು ಕೊಡುತ್ತದೆ. ತಿಳಿ ಮತ್ತು ನಡುಮಟ್ಟದಲ್ಲಿ ಮಾತ್ರ ವಾಲಿದ್ದರೆ ಲೈಟ್ ಇಂಕುಗಳನ್ನು ನೋಡಬೇಕು. ಕಡುನೆರಳಿನಲ್ಲಿ ಮಾತ್ರವಾದರೆ ಇಂಕಿನ ಪ್ರಮಾಣವನ್ನು ಅಥವಾ ಕಪ್ಪು ಇಂಕಿನ ಜಾತಿಯನ್ನು. ಬಿಳಿಗೆ ತೀರ ಹತ್ತಿರದ ಭಾಗದಲ್ಲಿ ಮಾತ್ರವಾದರೆ ಕಾಗದದ ಬಿಳುಪನ್ನು. ತಲೆಯಿಂದ ಕಾಲಿನವರೆಗೆ ಇಡೀ ಚಿತ್ರವೇ ಕೆಂಪೇರಿದ್ದರೆ, ಪ್ರೊಫೈಲ್ ಎರಡು ಸಲ ಜಾರಿಯಾಗಿರುವ ಸಂಭವ ಹೆಚ್ಚು.

ಈ ಎರಡು ಸಲದ ತಪ್ಪು ಬಲು ಸಾಮಾನ್ಯ. ಫೋಟೊಶಾಪ್ ಪ್ರೊಫೈಲ್ ನೋಡಿ ಅಂಕಿಗಳನ್ನು ಒಮ್ಮೆ ತಿದ್ದುತ್ತದೆ. ಡ್ರೈವರಿನಲ್ಲಿ ಬಣ್ಣದ ಹೊಂದಾಣಿಕೆಯನ್ನು ಆಫ್ ಮಾಡದಿದ್ದರೆ, ಅದು ತಿದ್ದಿದ್ದನ್ನೇ ಮತ್ತೊಮ್ಮೆ ತನ್ನ ರೀತಿಯಲ್ಲಿ ತಿದ್ದುತ್ತದೆ. ತಿದ್ದುವ ಕೆಲಸ ಇಬ್ಬರಲ್ಲಿ ಒಬ್ಬರದಾಗಿರಬೇಕು. ಪ್ರೊಫೈಲ್ ಮಾಡಲು ಬಣ್ಣದ ಚೌಕಗಳ ಹಾಳೆ ತೆಗೆಯುವಾಗಲಂತೂ ಇಬ್ಬರೂ ಸುಮ್ಮನಿರಬೇಕು, ಅಳೆಯಬೇಕಾದದ್ದು ಪ್ರಿಂಟರಿನ ಹುಟ್ಟುಗುಣವನ್ನು. 2010ರ ಸಿಎಸ್5 ಆವೃತ್ತಿಯಿಂದ ಫೋಟೊಶಾಪಿನ ಪ್ರಿಂಟ್ ಕಿಟಕಿಯಲ್ಲಿ ಬಣ್ಣ ನಿರ್ವಹಣೆಯೇ ಬೇಡ ಎಂಬ ಆಯ್ಕೆ ಹೋಯಿತು. ಅದಕ್ಕೆಂದೇ ಅಡೋಬ್ ಕಲರ್ ಪ್ರಿಂಟರ್ ಯುಟಿಲಿಟಿ ಎಂಬ ಪುಟ್ಟ ತಂತ್ರಾಂಶವನ್ನು ಬೇರೆಯಾಗಿ ಕೊಟ್ಟರು. ಹಾಳೆಯನ್ನು ಅದರ ಮೂಲಕವೋ, ಪ್ರೊಫೈಲ್ ಮಾಡುವ ತಂತ್ರಾಂಶದಿಂದಲೇ ನೇರವಾಗಿಯೋ ತೆಗೆಯುವುದು ಕ್ಷೇಮ.

ಪಾವಗಡದ ಕಪ್ಪು

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದ ಫೋಟೊ ಮತ್ತೊಂದು ದೋಷವನ್ನು ಹೊರಗೆಳೆಯುತ್ತದೆ. ಫಲಕದ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕು ಪ್ರತಿಫಲಿಸದಂತೆ ಸಿಲಿಕಾನ್ ನೈಟ್ರೈಡಿನ ಅತಿ ತೆಳು ಪದರ ಇರುತ್ತದೆ. ಫಲಕಗಳ ಕಡುನೀಲಿ ಅದರಿಂದ ಬಂದದ್ದು. ಚಿತ್ರದಲ್ಲಿ ಅಂಥ ಫಲಕದ ಒಂದು ಬಿಂದು ಕೆಂಪು 30, ಹಸಿರು 36, ನೀಲಿ 60 ಎಂದಿದ್ದರೆ ಅದರ ಎಲ್ ಮೌಲ್ಯ 15ರ ಆಸುಪಾಸು.

ಈಗ ಕಾಗದಗಳ ಕಪ್ಪನ್ನು ನೋಡಬೇಕು. ಒಳ್ಳೆಯ ಗ್ಲಾಸಿ ಪೇಪರಿನ ಅತಿ ಕಡು ಕಪ್ಪು ಎಲ್ 4ರವರೆಗೆ ಇಳಿಯುತ್ತದೆ. ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡಾ 0.4ರಷ್ಟು ಮಾತ್ರ ಹಿಂದಿರುಗುತ್ತದೆ. ಮ್ಯಾಟ್ ಪೇಪರಿನದು ಎಲ್ 16ರ ಸುಮಾರು, ಶೇಕಡಾ 2.1, ಐದು ಪಟ್ಟು ಹೆಚ್ಚು ಬೆಳಕು. ಕಾರಣ ಇಂಕಲ್ಲ, ಮೇಲ್ಮೈ. ಗ್ಲಾಸಿ ಹೊಳಪು ಬೆಳಕನ್ನು ಕನ್ನಡಿಯಂತೆ ಒಂದೇ ಕಡೆಗೆ ತಿರುಗಿಸುತ್ತದೆ, ಕಣ್ಣನ್ನು ಸರಿಸಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಒರಟು ಮ್ಯಾಟ್ ಅದನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಎಲ್ಲಿಂದ ನೋಡಿದರೂ ಕಪ್ಪಿನ ಮೇಲೆ ಬೆಳಕಿನ ಮಬ್ಬು. ಜೆರಾಕ್ಸ್ ಹಾಳೆಯಲ್ಲಿ ಕಪ್ಪು ಎಲ್ 30ರ ಹತ್ತಿರವೇ ನಿಂತುಬಿಡುವುದುಂಟು.

ಎಲ್ 15ರ ಫಲಕ ಎಲ್ 16ರ ಕಾಗದದಲ್ಲಿ ಮೂಡಲಾರದು. ಫಲಕ, ಅದರ ಚೌಕಟ್ಟಿನ ನೆರಳು, ಎರಡರ ನಡುವಿನ ಗೆರೆ ಎಲ್ಲವೂ ಒಂದೇ ಕಪ್ಪಿನಲ್ಲಿ ಮುಳುಗುತ್ತವೆ. ಪಾವಗಡದ ಶನಿಮಹಾತ್ಮನ ಚಿತ್ರಗಳ ಕಡುನೀಲಿ ಮೈಬಣ್ಣಕ್ಕೂ ಮ್ಯಾಟ್ ಕಾಗದದಲ್ಲಿ ಇದೇ ಗತಿ. ಇದು ಪ್ರೊಫೈಲಿನ ದೋಷವಲ್ಲ, ಎಷ್ಟು ಸಲ ಹೊಸದಾಗಿ ಮಾಡಿದರೂ ಕಾಗದ ಇನ್ನಷ್ಟು ಕಪ್ಪಾಗದು. ಆಗ ನೆರವಿಗೆ ಬರುವುದು ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಎಂಬ ಆಯ್ಕೆ. ಅದು ಚಿತ್ರದ ಕಪ್ಪನ್ನು ಕಾಗದದ ಕಪ್ಪಿಗೆ ಜೋಡಿಸಿ, ಮೇಲಿನ ಮೆಟ್ಟಿಲುಗಳನ್ನೆಲ್ಲ ಒತ್ತೊತ್ತಾಗಿ ಇಡುತ್ತದೆ. ಕಪ್ಪು ಇನ್ನೂ ಬೂದು ಬಣ್ಣವೇ, ಆದರೆ ಗೆರೆಗಳು ಮತ್ತೆ ಕಾಣುತ್ತವೆ. ಎರಡು ಬಗೆಯ ಕಪ್ಪು ಇಂಕಿರುವ ಪಿಗ್ಮೆಂಟ್ ಪ್ರಿಂಟರುಗಳಲ್ಲಿ ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್, ಗ್ಲಾಸಿಗೆ ಫೋಟೊ ಬ್ಲ್ಯಾಕ್ ಎಂಬುದನ್ನು ತಪ್ಪಿಸಿದರೆ ಇರುವ ಕಪ್ಪೂ ಕೈಬಿಡುತ್ತದೆ.

ಬಿಳಿಯೊಳಗಿನ ನೀಲಿ

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಜತನದಿಂದ ಕಾಯುತ್ತಾರೆ. ಬಿಳಿ ಮೈ, ರೆಕ್ಕೆಯ ಹಿಂತುದಿಯಲ್ಲಿ ಮೃದುವಾದ ಗುಲಾಬಿ. ತಿಳಿಬಣ್ಣದ ದೋಷಗಳನ್ನು ಹಿಡಿಯಲು ಇದಕ್ಕಿಂತ ಸೂಕ್ಷ್ಮವಾದ ಚಿತ್ರ ಸಿಗುವುದು ಕಷ್ಟ. ಇಲ್ಲಿ ಆಗಾಗ ಕಾಣುವ ತೊಂದರೆ, ಬಿಳಿ ಗರಿಗಳ ಮೇಲೆ ತೆಳು ಹಳದಿ ಮುಸುಕು.

ಇದರ ಮೂಲ ಕಾಗದದಲ್ಲಿದೆ. ಹಾಳೆ ಅಚ್ಚಬಿಳಿಯಾಗಿ ಕಾಣಲೆಂದು ಕಾರ್ಖಾನೆಯಲ್ಲಿ ಆಪ್ಟಿಕಲ್ ಬ್ರೈಟ್ನರ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಬಟ್ಟೆಯ ಸೋಪಿನ ಪುಡಿಯಲ್ಲಿರುವುದೂ ಇದೇ ಜಾತಿಯದು. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ, ಕಾಣುವ ನೀಲಿಯಾಗಿ ಹೊರಬಿಡುವುದು ಅದರ ಕೆಲಸ. ಬಿಸಿಲಿನಲ್ಲಿ ಅತಿನೇರಳೆ ಹೇರಳ, ಆದ್ದರಿಂದ ಅಲ್ಲಿ ಹಾಳೆ ನೀಲಿಬಿಳಿ. ಅಂಗಡಿಯ ಎಲ್‌ಇಡಿ ದೀಪದಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ. ಬ್ರೈಟ್ನರ್ ಅಲ್ಲಿ ಮಲಗಿರುತ್ತದೆ, ಅದೇ ಹಾಳೆ ತುಸು ಹಳದಿಯಾಗಿ ಕಾಣುತ್ತದೆ.

ಅಳೆಯುವ ಯಂತ್ರ, ಅಂದರೆ ಸ್ಪೆಕ್ಟ್ರೋಫೋಟೋಮೀಟರ್, ತನ್ನದೇ ದೀಪವನ್ನು ಹಾಳೆಯ ಮೇಲೆ ಬೀರಿ, ಮರಳಿದ ಬೆಳಕನ್ನು ಸುಮಾರು 380ರಿಂದ 730 ನ್ಯಾನೋಮೀಟರಿನವರೆಗೆ ತುಂಡುತುಂಡಾಗಿ ಅಳೆಯುತ್ತದೆ. ಆ ದೀಪದಲ್ಲಿ ಅತಿನೇರಳೆ ಇದ್ದರೆ ಯಂತ್ರದ ಕಣ್ಣಿಗೆ ಹಾಳೆ ನೀಲಿಯಾಗಿರುತ್ತದೆ. ಆ ನೀಲಿಯನ್ನು ಸರಿತೂಗಿಸಲು ಪ್ರೊಫೈಲ್ ತಿಳಿಭಾಗಗಳಿಗೆ ಹಳದಿ ಸೇರಿಸುತ್ತದೆ. ಮನೆಯೊಳಗಿನ ದೀಪದಲ್ಲಿ ನೀಲಿ ಇರುವುದಿಲ್ಲ, ಸೇರಿಸಿದ ಹಳದಿ ಮಾತ್ರ ಉಳಿಯುತ್ತದೆ. ಈ ಗೊಂದಲ ತೀರಿಸಲು 2009ರ ಐಎಸ್‌ಒ 13655 ಮಾನದಂಡ ಅಳತೆಯ ಸ್ಥಿತಿಗಳಿಗೆ ಹೆಸರಿಟ್ಟಿತು: ಎಂ0 ಹಳೆಯ ಬಲ್ಬಿನ ಬೆಳಕು, ಎಂ1 ಅತಿನೇರಳೆಯೂ ಸೇರಿದ ಹಗಲುಬೆಳಕು, ಎಂ2 ಅತಿನೇರಳೆಯನ್ನು ಸೋಸಿದ ಬೆಳಕು. ಮನೆಯ ಗೋಡೆಗೆ, ಆಲ್ಬಮ್ಮಿಗೆ ಹೋಗುವ ಚಿತ್ರಕ್ಕೆ ಎಂ2ರಲ್ಲಿ ಅಳೆದ ಪ್ರೊಫೈಲ್ ಹೆಚ್ಚು ಹೊಂದುತ್ತದೆ. ಬ್ರೈಟ್ನರ್ ಇಲ್ಲದ ಹತ್ತಿಯ ಕಾಗದದಲ್ಲಿ ಈ ಮೂರರ ಫಲಿತಾಂಶಗಳ ನಡುವೆ ಹೆಚ್ಚು ಅಂತರವಿರುವುದಿಲ್ಲ.

ಬೆಳಕಿನದೇ ಇನ್ನೊಂದು ತಂಟೆ ಮೆಟಮೆರಿಸಂ. ಎರಡು ಬಣ್ಣಗಳು ಒಂದು ದೀಪದಡಿ ಒಂದೇ ಆಗಿದ್ದು, ಇನ್ನೊಂದರಡಿ ಬೇರೆಯಾಗುವುದಕ್ಕೆ ಈ ಹೆಸರು. ಮೂರು ಇಂಕು ಬೆರೆತ ಬೂದು ಅಂಗಡಿಯೊಳಗೆ ಸರಿಯಿದ್ದು, ಬೀದಿಗೆ ತಂದಾಗ ಹಸಿರಾಗಬಹುದು. ಐಸಿಸಿ ಪ್ರೊಫೈಲುಗಳ ಲೆಕ್ಕವೆಲ್ಲ ಡಿ50 ಎಂಬ, ಸುಮಾರು 5,000 ಕೆಲ್ವಿನ್‌ನ ಗೊತ್ತುಪಡಿಸಿದ ಹಗಲುಬೆಳಕಿಗೆ ಕಟ್ಟಿದ್ದು. ಅಂಗಡಿಯ ದೀಪ ಸಾಮಾನ್ಯವಾಗಿ 6,500 ಕೆಲ್ವಿನ್‌ನದು. ಬಣ್ಣ ತಪ್ಪಿದೆ ಎನ್ನುವ ಮೊದಲು ಹಾಳೆಯನ್ನು ಬಾಗಿಲ ಬಳಿ ತಂದು, ನೇರ ಬಿಸಿಲು ಬೀಳದ ಹಗಲಿನಲ್ಲಿ ನೋಡುವುದು ಒಂದು ಹಾಳೆಯ ಖರ್ಚೂ ಇಲ್ಲದ ಪರೀಕ್ಷೆ.

ಲಗ್ನಪತ್ರಿಕೆಯ ಕೆನೆಬಣ್ಣದ ಕಾರ್ಡಿನ ಸಮಸ್ಯೆ ಬ್ರೈಟ್ನರಿನ ಸಮಸ್ಯೆಗೆ ತಿರುವುಮುರುವು. ಕಾರ್ಡಿನ ಬಿಳಿ ಹಳದಿಯ ಕಡೆಗಿದೆ, ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಪ್ರಿಂಟ್ ಕಿಟಕಿಯಲ್ಲಿ ಆರಿಸಬೇಕಾದದ್ದು ರಿಲೇಟಿವ್ ಕಲರಿಮೆಟ್ರಿಕ್ ಎಂಬ ಆಯ್ಕೆ: ಚಿತ್ರದ ಬಿಳಿಗೆ ಕಾಗದದ ಬಿಳಿಯೇ ಸಮ ಎಂದು ಅದು ಹಿಡಿಯುತ್ತದೆ. ಅಬ್ಸೊಲ್ಯೂಟ್ ಆರಿಸಿದರೆ ಪ್ರಿಂಟರು ಕಾರ್ಡಿನ ಹಳದಿಯನ್ನು ಅಳಿಸಲು ಹೊರಟು ತಿಳಿಭಾಗಗಳ ಮೇಲೆಲ್ಲ ನಸುನೀಲಿ ಚುಕ್ಕೆ ಎರಚುತ್ತದೆ, ಚಿತ್ರದ ಅಂಚಿನಲ್ಲಿ ಒಂದು ಚೌಕಟ್ಟು ಎದ್ದು ಕಾಣುತ್ತದೆ. ಖಾಲಿ ಇರಬೇಕಾದ ಜಾಗದಲ್ಲಿ ಮುಸುಕು ಕಂಡಾಗ ಮೊದಲು ನೋಡಬೇಕಾದದ್ದು ಈ ಆಯ್ಕೆಯನ್ನೇ.

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಹಸಿರಿಗೆ ದೀರ್ಘ ವಿವರಣೆ ಬೇಡ. ಮಳೆ ನಿಂತ ಮೇಲಿನ ಎಳೆ ಹಸಿರು ಗ್ಲಾಸಿಯಲ್ಲಿ ಬಹುಪಾಲು ಬರುತ್ತದೆ, ಸಾದಾ ಹಾಳೆಯ ಬಣ್ಣದ ಹರವಿನ ಆಚೆ ಉಳಿಯುತ್ತದೆ. ಹರವಿನಾಚೆಯ ಬಣ್ಣ ಬಹಳವಿದ್ದರೆ ಪರ್ಸೆಪ್ಚುಯಲ್ ಆಯ್ಕೆ ಎಲ್ಲವನ್ನೂ ಕೊಂಚ ಕೊಂಚ ತಗ್ಗಿಸಿ ಎಲೆ ಎಲೆಗಳ ನಡುವಿನ ಅಂತರವನ್ನು ಉಳಿಸುತ್ತದೆ. ಚಿತ್ರ ಅಡೋಬ್ ಆರ್‌ಜಿಬಿ ಎಂಬ ಇನ್ನೂ ಅಗಲ ಹರವಿನ ಪದ್ಧತಿಯಲ್ಲಿದ್ದು, ಅದರ ಗುರುತು ಕಳೆದುಹೋಗಿ ಎಸ್‌ಆರ್‌ಜಿಬಿ ಎಂದು ಓದಿಸಿಕೊಂಡರೂ ಹಸಿರು ಸೊರಗುತ್ತದೆ. ಆ ತಪ್ಪಿಗೂ ಕಾಗದಕ್ಕೂ ಸಂಬಂಧವಿಲ್ಲ.

ಮತ್ತೆ ಅಳೆಯುವುದು

ಇಷ್ಟನ್ನೂ ದಾಟಿ ದೋಷ ಉಳಿದರೆ ಆಗ ಹೊಸ ಪ್ರೊಫೈಲ್. ಅದಕ್ಕೂ ಮುಂಚೆ ಒಂದು ಹೋಲಿಕೆ ಬೇಕು: ಪ್ರಿಂಟರ್ ತಯಾರಕರದೇ ಇಂಕು, ಅವರದೇ ಕಾಗದ, ಆ ಜೋಡಿಗೆ ಅವರೇ ಕೊಟ್ಟ ಪ್ರೊಫೈಲ್ ಇಟ್ಟು ಒಂದು ಚಿತ್ರ ತೆಗೆಯಬೇಕು. ಅದು ಸರಿಬಂದರೆ ಯಂತ್ರ ಆರೋಗ್ಯವಾಗಿದೆ, ಸಂಶಯ ಹೊಸ ಕಾಗದಕ್ಕೆ ಇಳಿಯುತ್ತದೆ. ಅದೂ ಕೆಟ್ಟರೆ ಕಾಗದವನ್ನು ದೂರುವುದು ಅನ್ಯಾಯ. ಟ್ಯಾಂಕಿಗೆ ಬೇರೆ ಕಂಪನಿಯ ಇಂಕು ಸುರಿದಿದ್ದರೆ ಈ ಹೋಲಿಕೆ ನಡೆಯುವುದಿಲ್ಲ. ಹಳೆಯ ಇಂಕು ತೀರುವವರೆಗೆ ಎರಡರ ಬೆರಕೆ ದಿನದಿನಕ್ಕೂ ಬದಲಾಗುತ್ತದೆ; ಅಂಥ ನಡುಗಾಲದಲ್ಲಿ ಮಾಡಿದ ಪ್ರೊಫೈಲ್ ವಾರದಲ್ಲೇ ಹಳತಾಗುತ್ತದೆ.

ಅಳೆಯುವ ಹಾಳೆಯಲ್ಲಿ ಕೆಲವು ನೂರರಿಂದ ಎರಡು ಸಾವಿರದವರೆಗೆ ಬಣ್ಣದ ಚೌಕಗಳಿರಬಹುದು. ಬಹುಕಾಲ ಬಳಕೆಯಲ್ಲಿದ್ದ ಒಂದು ಹಾಳೆಯಲ್ಲಿ 918 ಇವೆ. ಹಾಳೆ ತೆಗೆದ ಕೂಡಲೇ ಅಳೆಯಬಾರದು. ಇಂಕಿನ ದ್ರವ ಆರುತ್ತಿದ್ದಂತೆ ಬಣ್ಣ ಸರಿಯುತ್ತಿರುತ್ತದೆ, ಮಳೆಗಾಲದ ತೇವದಲ್ಲಿ ಇದು ಇನ್ನೂ ನಿಧಾನ. ಒಂದು ರಾತ್ರಿ ಬಿಡುವುದು ಒಳ್ಳೆಯದು. ಬೇಸಿಗೆಯ ಒಣಗಾಳಿಯಲ್ಲಿ ಖಾಲಿ ಹಾಳೆ ಡೊಂಕಾಗಿ ಹೆಡ್ಡಿಗೆ ಉಜ್ಜುವುದರಿಂದ ಅದನ್ನು ಕವರಿನಿಂದ ತೆಗೆದೊಡನೆ ಬಳಸಬೇಕು. ಅಳೆದ ಅಂಕಿಗಳನ್ನು ಪ್ರೊಫೈಲಿನ ಲೆಕ್ಕದ ಜೊತೆ ಹೋಲಿಸಿ ನೋಡುವ ಸೌಲಭ್ಯ ಆರ್ಗಿಲ್ ಸಿಎಂಎಸ್ ಎಂಬ ಉಚಿತ ತಂತ್ರಾಂಶದಲ್ಲೂ ಇದೆ. ಎರಡು ಬಣ್ಣಗಳ ಅಂತರವನ್ನು ಡೆಲ್ಟಾ ಇ ಎಂಬ ಮಾನದಿಂದ ಹೇಳುತ್ತಾರೆ. ಸುಮಾರು 1 ಎಂದರೆ ಕಣ್ಣಿಗೆ ಆಗಷ್ಟೇ ಗೊತ್ತಾಗುವ ವ್ಯತ್ಯಾಸ. ನೂರಾರು ಚೌಕ ಸರಿಯಿದ್ದು ಒಂದು ಸಾಲಿನಲ್ಲಿ ಮಾತ್ರ ಡೆಲ್ಟಾ ಇ ಹತ್ತಿಪ್ಪತ್ತಕ್ಕೆ ಏರಿದ್ದರೆ ಆ ಸಾಲನ್ನು ಓದುವಾಗ ಕೈ ಜಾರಿದೆ ಎಂದೇ ಅರ್ಥ. ಆ ಸಾಲೊಂದನ್ನು ಮತ್ತೆ ಓದಿಸಿದರೆ ಸಾಕು.

ಪ್ರೊಫೈಲಿನ ಕಡತಕ್ಕೆ ಹೆಸರಿಡುವಾಗ ಪ್ರಿಂಟರು, ಇಂಕು, ಕಾಗದದ ಹೆಸರು ಮತ್ತು ಜಿಎಸ್‌ಎಂ, ಪೇಪರ್ ಟೈಪ್, ಅಳತೆಯ ಸ್ಥಿತಿ, ತಾರೀಕು ಇಷ್ಟನ್ನೂ ಸೇರಿಸಬೇಕು. ಜೊತೆಗೆ ಇಪ್ಪತ್ತು ಇಪ್ಪತ್ತೈದು ಚೌಕಗಳ ಒಂದು ಚಿಕ್ಕ ಹಾಳೆಯನ್ನು ಅದೇ ದಿನ ತೆಗೆದು, ಬೆಳಕು ತಾಗದಂತೆ ಕವರಿನೊಳಗಿಡಬೇಕು. ಅದೇ ಹೆಸರಿನ ಕಾಗದದ ಹೊಸ ಬಾಕ್ಸ್ ಬಂದಾಗಲೂ, ಇಂಕಿನ ಹೊಸ ಬಾಟಲಿ ಸುರಿದಾಗಲೂ ಆ ಚೌಕಗಳನ್ನು ಮತ್ತೊಮ್ಮೆ ಮುದ್ರಿಸಿ, ಒಣಗಿಸಿ, ಹಳೆಯದರ ಪಕ್ಕ ಬಾಗಿಲ ಬೆಳಕಿನಲ್ಲಿ ಹಿಡಿದು ನೋಡಬೇಕು. ಎರಡೂ ಒಂದೇ ಇದ್ದರೆ ಹಳೆಯ ಪ್ರೊಫೈಲ್ ನಡೆಯುತ್ತದೆ. ಬೂದು ಚೌಕ ವಾಲಿದ್ದರೆ ಮೊದಲು ನಾಜಲ್ ಚೆಕ್, ಆಮೇಲೆ ಅಳತೆ.